ಗುಂಪು ಚಟುವಟಿಕೆ ಅಂದ್ರೆ ಒಬ್ಬಳು ಬರೆಯೋದು, ನಾಲ್ವರು ನೋಡೋದು. ಇದಕ್ಕೆ ದಾರಿ ಏನು?

ಕಾರಟಗಿ ಟೀಚರ್:

ಎಲ್ಲರಿಗೂ ನಮಸ್ಕಾರ. ಕಾರಟಗಿ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ಐವತ್ತರ ಮೇಲೆ ಮಕ್ಕಳಿದ್ದಾರೆ. ತರಬೇತಿಗೆ ಹೋದಾಗಲೆಲ್ಲ 'ಗುಂಪಿನಲ್ಲಿ ಕಲಿಸಿ' ಅಂತಾರೆ. ಸರಿ ಅಂತ ಐದೈದು ಮಂದಿಯ ಗುಂಪು ಮಾಡಿ ಚಾರ್ಟು, ಸ್ಕೆಚ್ ಪೆನ್ನು ಕೊಡುತ್ತೇನೆ. ಆಗೋದೇನು ಗೊತ್ತಾ? ಚೆನ್ನಾಗಿ ಓದೋ ಹುಡುಗಿ ಒಬ್ಬಳು ಬಗ್ಗಿ ಬರೆಯುತ್ತಾಳೆ, ಪಕ್ಕದವಳು ಅಂಚಿಗೆ ಬಣ್ಣ ತುಂಬುತ್ತಾಳೆ, ಉಳಿದ ಮೂವರು ಸ್ಕೆಚ್ ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಪೀರಿಯಡ್ ಕಳೆಯುತ್ತಾರೆ. ಕೊನೆಗೆ ಐದೂ ಜನಕ್ಕೆ ಒಂದೇ ಅಂಕ.

ಇನ್ನೂ ಎರಡು ತೊಂದರೆ ಇವೆ. ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳಿಂದ ಬರುವ ಮಕ್ಕಳ ಮನೆಮಾತು ತೆಲುಗು. ಗುಂಪಿನಲ್ಲಿ ಅವರು ಬಾಯೇ ಬಿಡಲ್ಲ. ಎರಡನೆಯದು, ಭತ್ತದ ನಾಟಿ ಶುರುವಾದರೆ ಅಥವಾ ಅಪ್ಪ ಅವ್ವ ಗುಳೆ ಹೋದರೆ ಗುಂಪಿನಲ್ಲಿ ಯಾರು ಇರುತ್ತಾರೆ, ಯಾರು ಇರಲ್ಲ ಅನ್ನೋದೇ ಗ್ಯಾರಂಟಿ ಇಲ್ಲ. ನಿಮ್ಮ ಕಡೆ ಯಾರಾದರೂ ಇದನ್ನ ನಿಜವಾಗಿ ನಡೆಸಿದ್ದೀರಾ? ತರಬೇತಿ ಭಾಷಣ ಬೇಡ, ಪೀರಿಯಡ್ಡಿನಲ್ಲಿ ನಡೆಯೋದು ಹೇಳಿ.

ಸಿಂಧನೂರು ಮೇಷ್ಟ್ರು:

ಟೀಚರ್, ನಿಮ್ಮ ಮಕ್ಕಳ ತಪ್ಪೇನೂ ಇಲ್ಲ. ಚಾರ್ಟು ಒಂದೇ, ಅದನ್ನ ಒಬ್ಬಳೇ ಮುಗಿಸಬಲ್ಲಳು ಅಂದಮೇಲೆ ಉಳಿದವರು ಯಾಕೆ ಕೈ ಹಾಕಬೇಕು? ಇದು ದೊಡ್ಡವರಲ್ಲೂ ಇದೆ. ರಿಂಗೆಲ್ಮನ್ ಅಂತ ಫ್ರಾನ್ಸಿನ ಕೃಷಿ ಎಂಜಿನಿಯರ್ ಒಬ್ಬರು ಜನರಿಂದ ಹಗ್ಗ ಎಳೆಸಿ ಅಳೆದಿದ್ದರು, 1913ರಲ್ಲಿ ಅದನ್ನ ಪ್ರಕಟಿಸಿದರು. ಎಳೆಯುವ ಮಂದಿ ಜಾಸ್ತಿಯಾದ ಹಾಗೆ ಒಬ್ಬೊಬ್ಬರ ಪಾಲಿನ ಬಲ ಕಡಿಮೆ ಆಗುತ್ತಾ ಬಂದಿತ್ತು.

ನಾನು ಮಾಡೋದು ಜಿಗ್‌ಸಾ, ಅಂದ್ರೆ ಪಾಠವನ್ನ ಭಾಗ ಮಾಡಿ ಹಂಚಿ, ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡೋ ವಿಧಾನ. ಎಲಿಯಟ್ ಆರನ್ಸನ್ ಅನ್ನೋ ಮನಶ್ಶಾಸ್ತ್ರಜ್ಞರು 1971ರಲ್ಲಿ ಅಮೆರಿಕದ ಟೆಕ್ಸಾಸಿನ ಆಸ್ಟಿನ್ ಊರಿನಲ್ಲಿ ಶುರು ಮಾಡಿದ್ದು. ಅಲ್ಲಿ ಆಗ ಕರಿಯ, ಬಿಳಿಯ, ಮೆಕ್ಸಿಕೋ ಮೂಲದ ಮಕ್ಕಳನ್ನ ಹೊಸದಾಗಿ ಒಂದೇ ಶಾಲೆಗೆ ಸೇರಿಸಿದ್ದರು, ಒಬ್ಬರಿಗೊಬ್ಬರು ಆಗುತ್ತಿರಲಿಲ್ಲ.

ನಿಮ್ಮ ಹತ್ತನೇ ತರಗತಿಯ 'ಜೀವಕ್ರಿಯೆಗಳು' ಪಾಠವನ್ನೇ ತಗೊಳ್ಳಿ. ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ, ನಾಲ್ಕು ಭಾಗ ತಾನೇ ಸಿಗುತ್ತವೆ. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ಭಾಗ. ಆಮೇಲೆ ಎಲ್ಲ ಗುಂಪಿನ ಉಸಿರಾಟದವರು ಒಂದು ಕಡೆ, ಸಾಗಾಣಿಕೆಯವರು ಇನ್ನೊಂದು ಕಡೆ ಸೇರಿ ತಮ್ಮ ಭಾಗವನ್ನ ಚೆನ್ನಾಗಿ ಓದಿ, ಹೇಗೆ ಹೇಳಿಕೊಡಬೇಕು ಅಂತ ಮಾತಾಡಿಕೊಳ್ಳುತ್ತಾರೆ. ಒಂದೇ ಭಾಗಕ್ಕೆ ಹತ್ತಕ್ಕಿಂತ ಜಾಸ್ತಿ ಆದರೆ ಎರಡು ಕಡೆ ಕೂರಿಸಿ, ಇಲ್ಲಾಂದ್ರೆ ಸಂತೆ ಆಗುತ್ತೆ. ಮತ್ತೆ ಸ್ವಂತ ಗುಂಪಿಗೆ ಬಂದು ಉಳಿದವರಿಗೆ ಹೇಳಿಕೊಡಬೇಕು. ಪುಸ್ತಕ ಮುಚ್ಚಿಸಿ. ಕೊನೆಗೆ ಪರೀಕ್ಷೆ ಒಬ್ಬೊಬ್ಬರಿಗೇ, ನಾಲ್ಕೂ ಭಾಗದ ಮೇಲೆ.

ಪ್ರಶ್ನೆ ಎರಡು ಭಾಗಕ್ಕೆ ತಾಗೋ ಹಾಗೆ ಇರಲಿ. 'ಓಡಿದಾಗ ಉಸಿರೂ ಎದೆಬಡಿತವೂ ಎರಡೂ ಯಾಕೆ ಜೋರಾಗುತ್ತವೆ?' ಅಂತ ಕೇಳಿ ನೋಡಿ. ಉಸಿರಾಟದ ಹುಡುಗನಿಗೆ ಅರ್ಧ ಉತ್ತರ ಗೊತ್ತು, ಸಾಗಾಣಿಕೆ ಹುಡುಗಿಗೆ ಇನ್ನರ್ಧ. ಅಲ್ಲಿ ಮಾತು ಹುಟ್ಟುತ್ತೆ ನೋಡಿ.

ಕ್ಯಾಂಪಿನ ಮಕ್ಕಳ ವಿಷಯ. ಆರನ್ಸನ್ ತರಗತಿಯಲ್ಲೂ ಇಂಗ್ಲಿಷ್ ಸರಿಯಾಗಿ ಬಾರದ ಹುಡುಗನೊಬ್ಬ ಇದ್ದ. ಅವನು ತಡವರಿಸಿದರೆ ಬೇರೆಯವರು ಆಡಿಕೊಳ್ಳುತ್ತಿದ್ದರು. ಆದರೆ ಪರೀಕ್ಷೆಗೆ ಬೇಕಾದ ಒಂದು ಭಾಗ ಅವನ ಹತ್ತಿರ ಮಾತ್ರ ಇತ್ತು. ಆಡಿಕೊಂಡರೆ ನಮಗೇ ನಷ್ಟ ಅಂತ ಗೊತ್ತಾದ ಮೇಲೆ ಮಕ್ಕಳು ಅವನಿಗೆ ಸರಿಯಾದ ಪ್ರಶ್ನೆ ಕೇಳಿ ಕೇಳಿ ಬಾಯಿ ಬಿಡಿಸೋದು ಕಲಿತರು. ನೀವು ಅವರಿಗೆ ಮೊದಲು ತೆಲುಗಿನಲ್ಲೇ ಮಾತಾಡಿಕೊಳ್ಳಲು ಬಿಡಿ. ಗುಂಪಿಗೆ ಬಂದಾಗ ಕನ್ನಡದಲ್ಲಿ ಹೇಳಲಿ. ಅವಸರ ಮಾಡಬೇಡಿ.

ಕೊಪ್ಪಳದ ಅಪ್ಪ:

ನಾನು ಟೀಚರ್ ಅಲ್ಲ, ಹುಡುಗಿಯ ಅಪ್ಪ. ನೇರ ಕೇಳ್ತೀನಿ, ಬೇಜಾರಾಗಬೇಡಿ. ಮೇಲೆ ಹೇಳಿದ 'ಬಗ್ಗಿ ಬರೆಯೋ ಹುಡುಗಿ' ನಮ್ಮ ಮನೇಲೂ ಇದ್ದಾಳೆ. ಪ್ರಾಜೆಕ್ಟ್ ಅಂದರೆ ರಾತ್ರಿ ಹತ್ತಾದರೂ ಅವಳೊಬ್ಬಳೇ ಕೂತಿರ್ತಾಳೆ. ಉಳಿದವರು 'ಮುಗೀತಾ?' ಅಂತ ಮೆಸೇಜ್ ಹಾಕ್ತಾರೆ. ಬೇರೆಯವರಿಗೆ ಪಾಠ ಹೇಳೋದು ನನ್ನ ಮಗಳ ಕೆಲಸಾನಾ? ಅದಕ್ಕೆ ಸಂಬಳ ತಗೊಳ್ಳೋರು ಬೇರೆ ಇದ್ದಾರಲ್ವಾ?

ಸಿಂಧನೂರು ಮೇಷ್ಟ್ರು:

ಅಣ್ಣಾ, ಕೋಪ ಸರಿಯಾಗೇ ಇದೆ. ಮನೆಗೆ ಕೊಡೋ ಗುಂಪು ಪ್ರಾಜೆಕ್ಟನ್ನ ನಾನಂತೂ ನಿಲ್ಲಿಸಿದ್ದೇನೆ. ಯಾರು ಮಾಡಿದ್ದು ಅಂತ ಗೊತ್ತೇ ಆಗಲ್ಲ.

ಆದರೆ ಹೇಳಿಕೊಡೋದರಿಂದ ಅವಳಿಗೆ ನಷ್ಟ ಅನ್ನೋದು ನಿಜ ಅಲ್ಲ. ಕ್ಯಾಲಿಫೋರ್ನಿಯಾದ ನೊರೀನ್ ವೆಬ್ ಅನ್ನೋ ಸಂಶೋಧಕಿ ಗಣಿತ ತರಗತಿಗಳಲ್ಲಿ ಮಕ್ಕಳ ಮಾತನ್ನೇ ಕೂತು ಕೇಳಿ ನೋಡಿದವರು. ಯಾಕೆ, ಹೇಗೆ ಅಂತ ಬಿಡಿಸಿ ಹೇಳಿದ ಮಗು ತಾನೇ ಜಾಸ್ತಿ ಕಲಿತಿರುತ್ತೆ. ಬರೀ ಉತ್ತರ ಕೊಟ್ಟರೆ ಮಾತ್ರ ಇಸ್ಕೊಂಡವರಿಗೆ ಏನೂ ಸಿಗಲ್ಲ. ಹಾಗಾಗಿ ನೋಟ್ಸ್ ಕೊಡೋದು ಬೇಡ, ವಿವರಿಸಲಿ.

ಅಂಕದ ವಿಷಯಕ್ಕೆ ಇನ್ನೊಬ್ಬರ ಉಪಾಯ ಇದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲಾವಿನ್. ಪರೀಕ್ಷೆ ಒಬ್ಬೊಬ್ಬರಾಗಿಯೇ ಬರೀಬೇಕು. ಪ್ರತಿ ಮಗುವಿನ ಅಂಕವನ್ನ ಅದರದೇ ಹಿಂದಿನ ಅಂಕದ ಜೊತೆ ಹೋಲಿಸಿ, ಎಷ್ಟು ಮೇಲೆ ಬಂತು ಅನ್ನೋದನ್ನ ಗುಂಪಿನ ಖಾತೆಗೆ ಹಾಕೋದು. ಪೂರ್ತಿ ಅಂಕ ತೆಗೆದವರಿಗೂ ತುಂಬಾ ಮೇಲೆ ಬಂದವರಷ್ಟೇ ಪಾಯಿಂಟು, ಹಾಗಾಗಿ ನಿಮ್ಮ ಮಗಳಿಗೆ ಅನ್ಯಾಯ ಆಗಲ್ಲ. ನಾಲ್ಕರಿಂದ ಎಂಟಕ್ಕೆ ಬಂದ ಹುಡುಗನೂ ಗುಂಪಿಗೆ ಬೇಕಾದವನಾಗುತ್ತಾನೆ. ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ ಅವರವರ ಅಂಕ ಅವರವರಿಗೆ.

ಮಾನ್ವಿಯವ:

ಎಲ್ಲಾ ಚಂದ ಇದೆ ಸರ್. ಪೋರ್ಷನ್ ಯಾರು ಮುಗಿಸ್ತಾರೆ? ಎಸ್ಸೆಸ್ಸೆಲ್ಸಿ ರಿಸಲ್ಟ್ ಕಡಿಮೆ ಆದರೆ ನೋಟಿಸು ಬರೋದು ನಮಗೆ, ಆರನ್ಸನ್‌ಗಲ್ಲ. ಗೋಡೆಯಾಚೆ ಗಣಿತ ನಡೀತಿರುತ್ತೆ, ಈ ಕಡೆ ಐವತ್ತು ಜನ ಒಟ್ಟಿಗೆ ಮಾತಾಡಿದರೆ ಹೆಡ್ ಮಾಸ್ಟರ್ ಬಾಗಿಲಿಗೆ ಬರ್ತಾರೆ.

ನಲಿಕಲಿ ಅಕ್ಕ:

ಮಾನ್ವಿ ಸರ್, ವರ್ಷ ಪೂರ್ತಿ ಮಾಡಿ ಅಂತ ಯಾರೂ ಹೇಳಿಲ್ಲ. ನಾಲ್ಕು ಭಾಗ ಆಗೋ ಪಾಠಕ್ಕೆ ಮಾತ್ರ ಜಿಗ್‌ಸಾ. ಹಿಂದಿನ ಭಾಗ ಗೊತ್ತಿಲ್ಲದೆ ಮುಂದಿನದು ಅರ್ಥ ಆಗದ ಪಾಠಕ್ಕೆ ಅದು ಆಗೋದೇ ಇಲ್ಲ. ಉಳಿದ ದಿನ ಎರಡೇ ನಿಮಿಷದ ಕೆಲಸ ಇದೆ. ಒಂದು ಪ್ರಶ್ನೆ ಹಾಕಿ, ಮೊದಲು ಸುಮ್ನೆ ಯೋಚನೆ ಮಾಡಿಸಿ, ಪಕ್ಕದವರ ಜೊತೆ ಮಾತಾಡಿಸಿ, ಆಮೇಲೆ ಯಾರನ್ನಾದರೂ ಎಬ್ಬಿಸಿ ಕೇಳಿ. ಬೆಂಚು ಸರಿಸೋದೂ ಬೇಕಿಲ್ಲ.

ನನಗೆ ಸೋಜಿಗ ಆಗೋದು ಇನ್ನೊಂದು. ನಮ್ಮದೇ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ನಲಿಕಲಿ ಶುರುವಾಯಿತು. ಒಂದರಿಂದ ಮೂರನೇ ತರಗತಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು, ಕಲಿಕೆಯ ಹಂತ ತೋರಿಸೋ 'ಏಣಿ' ಚಾರ್ಟು ನೋಡಿ ತಮ್ಮ ಕಾರ್ಡು ತಾವೇ ತಗೊಂಡು ಕಲೀತಾರೆ. ಟೀಚರ್ ಸಹಾಯದ ಗುಂಪು ಬೇರೆ, ಗೆಳೆಯರ ಸಹಾಯದ ಗುಂಪು ಬೇರೆ. ಇದನ್ನ ಅಭ್ಯಾಸ ಮಾಡಿಸಿ ಕಳಿಸಿದ ಮಕ್ಕಳನ್ನೇ ನಾಲ್ಕನೇ ತರಗತಿಯಲ್ಲಿ ಸಾಲಾಗಿ ಕೂರಿಸಿ 'ಮಾತಾಡಬೇಡ' ಅಂತೀವಿ. ಆಮೇಲೆ ಹತ್ತಕ್ಕೆ ಬಂದಾಗ 'ಇವರಿಗೆ ಗುಂಪಿನಲ್ಲಿ ಕೆಲಸ ಮಾಡೋಕೆ ಬರಲ್ಲ' ಅಂತೀವಿ!

ಟೀಚರಮ್ಮ, ಗೈರುಹಾಜರಿಗೆ ನನ್ನ ಸಲಹೆ: ಒಂದೊಂದು ಭಾಗಕ್ಕೆ ಇಬ್ಬರನ್ನ ಹಾಕಿ. ಎಂಟು ಜನರ ಗುಂಪು ದೊಡ್ಡದಾಯಿತು ಅನ್ನಿಸಿದರೆ ಐದೇ ಇರಲಿ, ಐದನೆಯವರು ಒಬ್ಬರ ಭಾಗಕ್ಕೆ ಜೋಡಿಯಾಗಿ ಇರಲಿ. ಯಾರು ತಪ್ಪಿಸಿಕೊಳ್ಳೋದು ಜಾಸ್ತಿಯೋ ಅವರ ಭಾಗಕ್ಕೇ ಈ ಐದನೆಯವರನ್ನ ಜೋಡಿ ಮಾಡಿ. ಆ ಭಾಗ ಬಿಟ್ಟೇ ಹೋಗಬಾರದು, ಆ ಮಗುವಿಗೂ ಕೆಲಸ ಇರಬೇಕು.

ಬಳ್ಳಾರಿ ಎಂಜಿನಿಯರಿಂಗ್:

ಆನ್‌ಲೈನ್ ಕೋರ್ಸಿನಲ್ಲೂ ಇದೇ ಕಥೆ ರೀ. ನಾವು ಐಐಟಿಯವರು ನಡೆಸೋ ಎನ್‌ಪಿಟಿಇಎಲ್ ಕೋರ್ಸ್ ಮಾಡ್ತೀವಿ. ಅದರಲ್ಲಿ ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯೋ ಪರೀಕ್ಷೆಗೆ 75. ಪ್ರತಿ ವಾರ ಕೊನೇ ದಿನ ಕ್ಲಾಸ್ ಗ್ರೂಪಿನಲ್ಲಿ 'ಆನ್ಸರ್ ಹಾಕ್ರೋ' ಅಂತ ಶುರುವಾಗುತ್ತೆ. ಒಬ್ಬ ಹಾಕ್ತಾನೆ, ಎಲ್ಲರೂ ಟಿಕ್ ಮಾಡ್ತಾರೆ. 25ಕ್ಕೆ ಚೆನ್ನಾಗಿ ಬರುತ್ತೆ, 75ಕ್ಕೆ ಬಾಯಿ ಬಾಯಿ ಬಿಡ್ತಾರೆ.

ನಾವು ಮೂವರು ಬೇರೆ ಗ್ರೂಪ್ ಮಾಡಿಕೊಂಡಿದ್ದೀವಿ. ನಿಯಮ ಒಂದೇ, ಮೊದಲು ಒಬ್ಬೊಬ್ಬರೇ ಬಿಡಿಸಿ ನೋಟ್‌ಬುಕ್ ಫೋಟೋ ಹಾಕಬೇಕು. ಮೂವರದ್ದೂ ಒಂದೇ ಉತ್ತರ ಇದ್ದರೆ ಮಾತೇ ಇಲ್ಲ. ಬೇರೆ ಬೇರೆ ಬಂದ ಪ್ರಶ್ನೆಗೆ ಮಾತ್ರ ಕಾಲ್ ಮಾಡಿ ಜಗಳ. ಆಮೇಲೆ ಗೊತ್ತಾಯ್ತು, ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ತರಗತಿಯಲ್ಲಿ ಮಾಡಿಸಿದ್ದೂ ಹೆಚ್ಚುಕಡಿಮೆ ಇದೇ. ಎಲ್ಲರೂ ಉತ್ತರ ಆರಿಸಬೇಕು, ಪಕ್ಕದವರ ಜೊತೆ ವಾದ ಮಾಡಬೇಕು, ಮತ್ತೆ ಆರಿಸಬೇಕು. ತೀರಾ ಸುಲಭ ಇದ್ದರೆ ವಾದ ಬಿಟ್ಟು ಮುಂದೆ ಹೋಗ್ತಾರೆ, ತೀರಾ ಕಷ್ಟ ಇದ್ದರೆ ಮೇಷ್ಟ್ರೇ ಮತ್ತೆ ವಿವರಿಸ್ತಾರೆ.

ಅರವತ್ತು ಜನರ ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಬಿಟ್ಟು ಏನೂ ನಡೆಯಲ್ಲ. ಮೂರು ನಾಲ್ಕು ಜನ, ಕೋರ್ಸ್ ಮುಗಿಯೋವರೆಗೂ ಅವರೇ ಇರಬೇಕು. ಮನೇಲಿ ಒಂದೇ ಫೋನ್ ಇರೋ ಮಕ್ಕಳಿಗೆ ಲೈವ್ ಕಾಲ್ ಇಡಬೇಡಿ, ವಾಯ್ಸ್ ಮೆಸೇಜ್ ಸಾಕು. ಅಪ್ಪ ಹೊಲದಿಂದ ಫೋನ್ ತಂದ ಮೇಲೆ ಮಕ್ಕಳು ಕೇಳಿಕೊಳ್ತಾರೆ.

ಕಾರಟಗಿ ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. 'ಜೀವಕ್ರಿಯೆಗಳು' ಇನ್ನೂ ಶುರು ಮಾಡಿಲ್ಲ, ಅದಕ್ಕೇ ಮಾಡ್ತೀನಿ. ಪಕ್ಕದ ಕೊಠಡಿ ಗಣಿತ ಸರ್ ಜೊತೆ ಮಾತಾಡಿ, ಅವತ್ತು ಹುಣಸೆಮರದ ಕೆಳಗೆ ಕೂರಿಸ್ತೀನಿ. ಸಿಂಧನೂರು ಸರ್, ನಾಲ್ಕು ಭಾಗದ ಚೀಟಿ ಮಾಡಿಟ್ಟಿದ್ದರೆ ಕಳಿಸ್ತೀರಾ?

ಸಿಂಧನೂರು ಮೇಷ್ಟ್ರು:

ಕಳಿಸಿದ್ದೇನೆ, ನೋಡಿ. ಮೂತ್ರಪಿಂಡದೊಳಗಿನ ನೆಫ್ರಾನ್ ಚಿತ್ರ ಜೆರಾಕ್ಸಿನಲ್ಲಿ ಮಸುಕಾಗಿದೆ, ಅದೊಂದು ನೀವೇ ಬಿಡಿಸಿಕೊಳ್ಳಿ. ಪೋಷಣೆ ಭಾಗ ಉಳಿದವಕ್ಕಿಂತ ಉದ್ದ ಇದೆ. ಗಿಡದ್ದು ಒಬ್ಬರಿಗೆ, ನಮ್ಮದು ಒಬ್ಬರಿಗೆ ಮಾಡಿದರೆ ನಿಮ್ಮ ಐದನೆಯವರಿಗೂ ಕೆಲಸ ಸಿಗುತ್ತೆ.