ಗುಡ್ಡ ಹತ್ತುವ ಜೀಪಿಗೆ ಯಾವ ಫ್ಯಾನ್: ಬೆಲ್ಟಿನದ್ದೋ, ಕರೆಂಟಿನದ್ದೋ?

ದುರ್ಗದ ಜೀಪ್: ನನ್ನದು ಹಳೆ ಮಹೀಂದ್ರಾ ಡೀಸೆಲ್ ಜೀಪ್, ಎಂಎಂ 540. ಹೆದ್ದಾರಿಯಲ್ಲಿ ದಾವಣಗೆರೆಗೆ ಹೋಗಿ ಬಂದರೂ ಟೆಂಪರೇಚರ್ ಮುಳ್ಳು ಅಲ್ಲಾಡುವುದಿಲ್ಲ. ಆದರೆ ಗಾಳಿಯಂತ್ರದ ಗುಡ್ಡಗಳ ಕಡೆ ಕಲ್ಲುದಾರಿಯಲ್ಲಿ ಲೋ ಗೇರ್ ಹಾಕಿ ತೆವಳಿದರೆ ಕೆಂಪು ಗೆರೆಯ ಹತ್ತಿರ ಹೋಗಿ ಕೂರುತ್ತದೆ. ಈಗಿರುವುದು ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಪುಲ್ಲಿಗೆ ನೇರ ಬೋಲ್ಟ್ ಹಾಕಿದ ಫ್ಯಾನ್. ಅದನ್ನು ಕಿತ್ತು ಎಲೆಕ್ಟ್ರಿಕ್ ಹಾಕಿಸೋಣ ಅಂತಿದ್ದೇನೆ. ಏನಂತೀರಿ?

ಬೆಣ್ಣೆನಗರಿ ಹುಡುಗ: ಕಣ್ಣು ಮುಚ್ಚಿ ಹಾಕಿಸಿ ಅಣ್ಣಾ. ನೇರ ಫ್ಯಾನ್ ಎಂಜಿನ್ ಹೇಳಿದಂತೆ ಕೇಳುತ್ತದೆ. ನೀವು ಗುಡ್ಡದಲ್ಲಿ 1000 ಆರ್‌ಪಿಎಂನಲ್ಲಿ ತೆವಳುತ್ತೀರಿ, ಗಾಳಿ ಬೇಕಾಗಿರುವುದೇ ಆಗ. ಫ್ಯಾನ್ ಆಗಲೇ ಸೋಮಾರಿ. ಹೆದ್ದಾರಿಯಲ್ಲಿ 3000 ಆರ್‌ಪಿಎಂ ಇದ್ದಾಗ ಮುಂದಿನಿಂದ ಗಾಳಿ ತಾನೇ ನುಗ್ಗುತ್ತದೆ, ಫ್ಯಾನೇ ಬೇಡ. ಆಗ ಮಾತ್ರ ಅದು ಜೋರಾಗಿ ತಿರುಗುತ್ತದೆ! ವೇಗ ಮೂರು ಪಟ್ಟಾದರೆ ಗಾಳಿ ಮೂರು ಪಟ್ಟು, ಎಂಜಿನ್‌ನಿಂದ ಕೀಳುವ ಶಕ್ತಿ ಮಾತ್ರ 27 ಪಟ್ಟು. ಸುಮ್ನೆ ಡೀಸೆಲ್ ದಂಡ.

ಶೆಡ್ ಮೇಸ್ತ್ರಿ: ಲೆಕ್ಕ ಸರಿ ತಮ್ಮಾ. ಇನ್ನೊಂದು ಲೆಕ್ಕವನ್ನೂ ಹಾಕು. ಈ ರೇಡಿಯೇಟರಿಗೆ ಸಾಕಾಗುವ ಎಲೆಕ್ಟ್ರಿಕ್ ಫ್ಯಾನ್ 30 ಆಂಪ್ ಎಳೆಯುತ್ತದೆ, ಅಂದರೆ ಸುಮಾರು 400 ವ್ಯಾಟ್. ಹೆಡ್‌ಲೈಟ್ ಎರಡಕ್ಕೂ 9 ಆಂಪ್. ಮುಂದೆ ಲೈಟ್ ಬಾರ್ ಇದ್ದರೆ ಇನ್ನೊಂದು 10. ಹಳೆ ಜೀಪಿನಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ತೆವಳುವ ವೇಗದಲ್ಲಿ ಇಷ್ಟು ಕೊಡುತ್ತದೆಯೇ? ಅದೂ ಬೆಲ್ಟಿನ ಮೇಲೇ ಓಡುವುದಲ್ವಾ? ಎಂಜಿನ್ ನಿಧಾನವಾದರೆ ಅದೂ ನಿಧಾನ. ಉಳಿದದ್ದನ್ನು ಬ್ಯಾಟರಿಯಿಂದ ಎಳೆಯಬೇಕು. ಸಂಜೆ ಗುಡ್ಡದ ಮೇಲೆ ಎಂಜಿನ್ ಆಫ್ ಮಾಡಿದರೆ ಸೆಲ್ಫ್ ಎತ್ತುವುದಿಲ್ಲ.

ದುರ್ಗದ ಜೀಪ್ ಅವರೇ, ಮೊದಲು ಒಂದು ಹೇಳಿ. ರೇಡಿಯೇಟರ್ ಹಿಂದೆ ಫ್ಯಾನ್ ಸುತ್ತ ಶ್ರೌಡ್, ಅಂದರೆ ಗಾಳಿಯನ್ನು ಹಿಡಿದಿಡುವ ಕವಚ, ಇದೆಯೋ ಇಲ್ಲವೋ?

ದುರ್ಗದ ಜೀಪ್: ಇಲ್ಲ ಸಾರ್. ನಾನು ಗಾಡಿ ತಗೊಂಡಾಗಲೇ ಇರಲಿಲ್ಲ. ಎಂಜಿನ್ ಬಿಚ್ಚಿದವರು ಯಾರೋ ವಾಪಸ್ ಹಾಕಿಲ್ಲ.

ಶೆಡ್ ಮೇಸ್ತ್ರಿ: ಅಲ್ಲೇ ಸಿಕ್ಕಿತು ನೋಡಿ. ಶ್ರೌಡ್ ಇಲ್ಲದ ಫ್ಯಾನ್, ಹಿಂದೆ ಬಂದ ಬಿಸಿ ಗಾಳಿಯನ್ನೇ ಅಂಚಿನಿಂದ ಮತ್ತೆ ಎಳೆದುಕೊಂಡು ತಿರುಗುತ್ತದೆ. ಎಲೆಗಳ ಮುಂದೆ ಇರುವಷ್ಟು ಜಾಗ ಮಾತ್ರ ತಣ್ಣಗಾಗುತ್ತದೆ, ನಾಲ್ಕೂ ಮೂಲೆ ದಂಡ. ತಗಡಿನಲ್ಲಿ ಮಾಡಿಸಿದರೂ ಸಾಕು. ಎಲೆಯ ಅಗಲ ಅರ್ಧ ಶ್ರೌಡ್ ಒಳಗೆ, ಅರ್ಧ ಹೊರಗೆ ಇರಲಿ. ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕುಣಿಯುತ್ತದೆ, ಶ್ರೌಡ್ ರೇಡಿಯೇಟರಿಗೆ ಕೂತಿರುತ್ತದೆ. ಅದಕ್ಕೇ ಸುತ್ತ ಸ್ವಲ್ಪ ಜಾಗ ಬಿಡಬೇಕು, ಇಲ್ಲದಿದ್ದರೆ ಮೊದಲ ಗುಂಡಿಗೇ ಕರಕರ.

ಹೊಳಲ್ಕೆರೆ ತೋಟ: ನೀರಿನ ವಿಷಯ ಯಾರೂ ಎತ್ತಲಿಲ್ಲವಲ್ಲ. ಹಳ್ಳ ದಾಟುವಾಗ ನೇರ ಫ್ಯಾನ್ ನೀರು ಹೊಡೆಯುತ್ತದೆ. ಎಲೆ ಮುಂದಕ್ಕೆ ಬಾಗಿ ರೇಡಿಯೇಟರ್ ಕೋರ್ (ನೀರು ಹರಿಯುವ ಟ್ಯೂಬುಗಳ ಜಾಲರಿ) ಕೊರೆದದ್ದನ್ನು ನಾನೇ ಕಂಡಿದ್ದೇನೆ. ಗುಂಡಗೆ ಗೀರು, ಹಸಿರು ಕೂಲೆಂಟ್ ಪೂರಾ ಹಳ್ಳದ ಪಾಲು. ಎಲೆಕ್ಟ್ರಿಕ್ ಆದರೆ ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್, ಆಫ್ ಮಾಡಿ ಇಳಿಯಬಹುದು.

ಶೆಡ್ ಮೇಸ್ತ್ರಿ: ಆ ಮಾತು ಒಪ್ಪಿದೆ. ಆದರೆ ಸ್ವಿಚ್ ಆಫ್ ಮಾಡಲು ಮರೆತರೆ? ನೀರು ತಡೆದಾಗ ಮೋಟಾರ್ ಜಾಸ್ತಿ ಕರೆಂಟ್ ಎಳೆದು ಫ್ಯೂಸ್ ಹಾರುತ್ತದೆ. ಬಿಸಿ ಮೋಟಾರ್ ತಣ್ಣೀರಿನಲ್ಲಿ ಮುಳುಗಿದರೆ ಕೆಸರು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಬೇರಿಂಗ್ ಹಿಡಿಯುತ್ತದೆ. ಅದು ಆ ದಿನ ಗೊತ್ತಾಗುವುದಿಲ್ಲ, ಮುಂದಿನ ಏರಿನಲ್ಲಿ ಗೊತ್ತಾಗುತ್ತದೆ.

ಹರಿಹರದ ಡ್ರೈವರ್: ನಡುವಿನ ದಾರಿ ಇದೆಯಲ್ಲ, ವಿಸ್ಕಸ್ ಕಪ್ಲಿಂಗ್. ಫ್ಯಾನ್ ಬೆಲ್ಟಿನದ್ದೇ, ನಡುವೆ ಸಿಲಿಕೋನ್ ಆಯಿಲ್ ತುಂಬಿದ ಡಬ್ಬಿ. ಮುಂದೆ ಸುರುಳಿ ಪಟ್ಟಿ ಇರುತ್ತದೆ. ರೇಡಿಯೇಟರ್ ದಾಟಿ ಬಂದ ಗಾಳಿ ಬಿಸಿಯಾದರೆ ಅದು ಬಿಚ್ಚಿಕೊಂಡು ಆಯಿಲ್ ಬಿಡುತ್ತದೆ, ಫ್ಯಾನ್ ಹಿಡಿದುಕೊಳ್ಳುತ್ತದೆ. ತಣ್ಣಗಿದ್ದಾಗ ಜಾರುತ್ತದೆ. ವೈರಿಂಗ್ ಗೋಳು ಇಲ್ಲ, ಹೆದ್ದಾರಿಯಲ್ಲಿ ಡೀಸೆಲೂ ಉಳಿಯುತ್ತದೆ.

ಬೆಣ್ಣೆನಗರಿ ಹುಡುಗ: ಹಳೆ ಕಪ್ಲಿಂಗ್ ಸದ್ದಿಲ್ಲದೆ ಸಾಯುತ್ತದೆ ಅಣ್ಣಾ. ಹೇಗೆ ಕಂಡುಹಿಡಿಯೋದು?

ಹರಿಹರದ ಡ್ರೈವರ್: ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಬಟ್ಟೆ ಸುತ್ತಿದ ಕೈಯಲ್ಲಿ ಫ್ಯಾನ್ ತಿರುಗಿಸಿ. ಬಿಗಿ ಇರಬೇಕು. ಒಮ್ಮೆ ತಳ್ಳಿದರೆ ನಾಲ್ಕೈದು ಸುತ್ತು ಸಲೀಸಾಗಿ ಓಡಿದರೆ ಕಪ್ಲಿಂಗ್ ಹೋಗಿದೆ. ನಡುವಿನ ಡಬ್ಬಿಯಿಂದ ಸೋರಿದ ಎಣ್ಣೆ ಧೂಳು ಹಿಡಿದು ಕಿರಣದ ಹಾಗೆ ಹರಡಿದ್ದರೂ ಅದೇ ಗುರುತು.

ಬೆಣ್ಣೆನಗರಿ ಹುಡುಗ: ಸರಿ. ಆದರೆ ತೆವಳುವಾಗ ವಿಸ್ಕಸ್ ಕೂಡ ಎಂಜಿನ್ ವೇಗ ಮೀರುವುದಿಲ್ಲ. ನನ್ನ ಮೂಲ ಮಾತು ಅದು. ಅದಕ್ಕೆ ಉತ್ತರ ಇನ್ನೂ ಬಂದಿಲ್ಲ.

ಶೆಡ್ ಮೇಸ್ತ್ರಿ: ಬರಲ್ಲ, ಯಾಕೆಂದರೆ ನೀನು ಹೇಳಿದ್ದು ಸರಿ. ನಾನು ಹೇಳುತ್ತಿರುವುದು ಯಾವುದು ಮೊದಲು ಅನ್ನೋದು. ಮೆಕ್ಕೆಜೋಳದ ಕಾಲದಲ್ಲಿ ಈ ಕಡೆ ಓಡಿದ ಗಾಡಿಯ ರೇಡಿಯೇಟರ್ ಎದುರು ನಿಂತು ನೋಡಿ, ಸಿಪ್ಪೆ, ಧೂಳು, ಹುಳ ಸೇರಿ ಫಿನ್ನುಗಳ (ತೆಳು ತಗಡಿನ ಪಟ್ಟಿಗಳ) ನಡುವೆ ಕಂಬಳಿ ಕಟ್ಟಿರುತ್ತದೆ. ಅದರ ಹಿಂದೆ ಯಾವ ಫ್ಯಾನ್ ಇಟ್ಟರೂ ಅಷ್ಟೆ. ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ. ಮುಂದಿನಿಂದ ಹೊಡೆದರೆ ಕಸ ಇನ್ನೂ ಒಳಗೆ ಹೋಗುತ್ತದೆ. ಪ್ರೆಶರ್ ವಾಶರ್ ಹತ್ತಿರ ಹಿಡಿದರೆ ಫಿನ್ ಮಲಗುತ್ತವೆ. ರೇಡಿಯೇಟರ್ ಕ್ಯಾಪಿನ ರಬ್ಬರ್ ಕೂಡ ನೋಡಿ. ಒತ್ತಡ ಹಿಡಿಯದ ಕ್ಯಾಪ್ ಇದ್ದರೆ ನೀರು ಬೇಗ ಕುದಿಯುತ್ತದೆ.

ಹಿರಿಯೂರು ಹೊಲ: ಒಂದು ಸಣ್ಣ ಮಾತು. ಮುಂಗಾರಿನಲ್ಲಿ ಪಡುವಣ ಗಾಳಿ ಜೋರು. ಗುಡ್ಡವನ್ನು ಪೂರ್ವಕ್ಕೆ ಮುಖ ಮಾಡಿ ಹತ್ತಿದರೆ ಗಾಳಿ ಬೆನ್ನಿಗೆ, ಫ್ಯಾನ್ ಅದರ ವಿರುದ್ಧ ಎಳೆಯಬೇಕು. ನನ್ನ ಗಾಡಿ ಅದೇ ಗುಡ್ಡದಲ್ಲಿ ಒಂದು ಕಡೆ ಹೀಟ್, ಇನ್ನೊಂದು ಕಡೆ ಇಲ್ಲ. ಬಿಸಿಯಾಯಿತು ಅನಿಸಿದರೆ ಮೂಗು ಗಾಳಿಗೆ ತಿರುಗಿಸಿ ನಿಲ್ಲಿಸಿ. ನ್ಯೂಟ್ರಲ್‌ನಲ್ಲಿ 1500 ಆರ್‌ಪಿಎಂ ಕೊಡಿ, ಎಂಜಿನ್ ಆಫ್ ಮಾಡಬೇಡಿ. ಆಫ್ ಮಾಡಿದರೆ ವಾಟರ್ ಪಂಪೂ ನಿಲ್ಲುತ್ತದೆ.

ದುರ್ಗದ ಜೀಪ್: ಹಾಗಾದರೆ ಮೊದಲು ರೇಡಿಯೇಟರ್ ತೊಳೆಸಿ ಶ್ರೌಡ್ ಮಾಡಿಸುತ್ತೇನೆ. ಆಮೇಲೂ ಹೀಟ್ ಆದರೆ ಈ ಫ್ಯಾನ್ ಇಟ್ಟುಕೊಂಡೇ ಮುಂದೆ ಗ್ರಿಲ್ ಹಿಂದೆ ಒಂದು ಚಿಕ್ಕ ಎಲೆಕ್ಟ್ರಿಕ್ ಹಾಕಬಹುದಾ?

ಬೆಣ್ಣೆನಗರಿ ಹುಡುಗ: ಹಾಕಬಹುದು. ಎದುರಿನಿಂದ ತಳ್ಳುವ ಪುಶರ್ ಮಾದರಿಯೇ ಕೇಳಿ, ಎಳೆಯುವ ಮಾದರಿ ತಂದು ಉಲ್ಟಾ ಕೂರಿಸಬೇಡಿ, ಎಲೆಯ ಬಾಗು ಬೇರೆ. ಭಾರಿ ಕರೆಂಟನ್ನು ಸ್ವಿಚ್ ಬದಲು ತಾನೇ ಹೊರುವ ರಿಲೇ ಇರಲಿ, ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ, ಅರ್ಥ್ ವೈರ್ ತೆಳ್ಳಗೆ ಬೇಡ.

ಶೆಡ್ ಮೇಸ್ತ್ರಿ: ಕೋರ್ ಮಧ್ಯೆ ಪ್ಲಾಸ್ಟಿಕ್ ಟೈ ತೂರಿಸಿ ಫ್ಯಾನ್ ಕಟ್ಟುವವರಿದ್ದಾರೆ, ಹಾಗೆ ಕಟ್ಟಲು ಬಿಡಬೇಡಿ. ಕಲ್ಲುದಾರಿಯಲ್ಲಿ ಟೈ ಉಜ್ಜಿ ಉಜ್ಜಿ ಟ್ಯೂಬ್ ತೂತಾಗುತ್ತದೆ. ಎರಡು ಪಟ್ಟಿ ಹಾಕಿಸಿ ಫ್ರೇಮಿಗೆ ಬೋಲ್ಟ್ ಮಾಡಿಸಿ.