ಸಹಾಯ ಬೇಕು: ತಮ್ಮನಿಗೆ ಕ್ರೈಸ್ತ ವ್ಯಸನಮುಕ್ತಿ ಆಶ್ರಮ

ಎಲ್ಲರಿಗೂ ಕರ್ತನಲ್ಲಿ ವಂದನೆ. ನಾವು ಲಿಂಗರಾಜಪುರದವರು. ನನ್ನ ತಮ್ಮನಿಗೆ 34 ವರ್ಷ, ಕುಡಿತದ ಚಟ. ಈಗ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿದ್ದಾನೆ. ಕುಡಿತ ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಅದಕ್ಕೇ ಮೊದಲು ಆಸ್ಪತ್ರೆ. ಮನೆಯಲ್ಲೇ ಬಿಡಿಸಲು ಹೊರಟವರು ದಯವಿಟ್ಟು ಇದನ್ನು ಗಮನಿಸಿ.

ಮುಂದಿನ ವಾರ ಡಿಸ್ಚಾರ್ಜ್. ಮತ್ತೆ ಅದೇ ಗಲ್ಲಿ, ಅದೇ ಸ್ನೇಹಿತರು ಅಂತ ನನಗೆ ಭಯ. ಕೆಲವು ತಿಂಗಳು ಉಳಿದುಕೊಂಡು ಪ್ರಾರ್ಥನೆ, ಬೈಬಲ್ ಓದು, ಕೌನ್ಸೆಲಿಂಗ್, ದಿನಕ್ಕಿಷ್ಟು ಕೆಲಸ ಇರುವ ಗಂಡಸರ ಆಶ್ರಮ ಬೆಂಗಳೂರಿನಲ್ಲಿ ಅಥವಾ ಹತ್ತಿರದಲ್ಲಿ ಗೊತ್ತಿದ್ದರೆ ತಿಳಿಸಿ. ಅವನೇ ಹೋಗುತ್ತೇನೆ ಅಂದಿದ್ದಾನೆ. ನನಗೆ ಅದೇ ದೊಡ್ಡ ಧೈರ್ಯ. ಕನ್ನಡ ಬಲ್ಲ ಬ್ರದರ್ ಅಥವಾ ಪಾಸ್ಟರ್ ಇರಬೇಕು, ಅವನಿಗೆ ಇಂಗ್ಲಿಷ್ ಬರಲ್ಲ.

ಪ್ರಾರ್ಥನೆ ಸಾಕು ಅಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸುವ ಜಾಗ ಬೇಡ. ನಮಗೆ ಎರಡೂ ಬೇಕು. ಕೂಡಿಹಾಕುವ, ಹೊಡೆಯುವ ಕಡೆಯಂತೂ ಖಂಡಿತ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ, ಕುಡಿತದ ಕಾಯಿಲೆಯವರಿಗೂ ಆ ರಕ್ಷಣೆ ಇದೆ. ನೋಂದಣಿ ಇದೆಯೇ, ತಿಂಗಳಿಗೆ ಎಷ್ಟು, ಹೆಂಡತಿ ಮಕ್ಕಳು ಬಂದು ನೋಡಬಹುದೇ ತಿಳಿಸಿ.

ನಿಮ್ಮ ಮನೆಯವರೇ ಅಲ್ಲಿದ್ದು ಬಂದಿದ್ದರೆ ದಯವಿಟ್ಟು ಇನ್‌ಬಾಕ್ಸ್ ಮಾಡಿ, ನಾನೇ ಫೋನ್ ಮಾಡುತ್ತೇನೆ.