ದಂಗೆ, ಬಂಡಾಯ, ಹಾವಳಿ: ಕೊಪ್ಪಳ ಕೋಟೆಯ ನಾಲ್ಕು ಸಾಲಿಗೆ ಯಾವ ಪದ?

ಬಳಗದ ಎಲ್ಲರಿಗೂ ನಮಸ್ಕಾರ.

ಸಣ್ಣ ಕೆಲಸ ಅಂದುಕೊಂಡು ಒಪ್ಪಿಕೊಂಡು ಈಗ ಸಿಕ್ಕಿಬಿದ್ದಿದ್ದೇನೆ. ಕೊಪ್ಪಳದ ಕೋಟೆ ತೋರಿಸುವ ಗೆಳೆಯರೊಬ್ಬರು ಇಂಗ್ಲಿಷಿನ ನಾಲ್ಕು ಸಾಲು ಕೊಟ್ಟು, ಕನ್ನಡ ಮಾಡಿಕೊಡಿ, ಬೋರ್ಡಿಗೆ ಬರೆಸಬೇಕು ಅಂದರು. ವಿಷಯ 1858ರದು. ಮುಂಡರಗಿ ಭೀಮರಾಯ ಡಂಬಳದ ಖಜಾನೆ ಲೂಟಿ ಮಾಡಿದ್ದು, ಹಮ್ಮಿಗೆಯ ಕೆಂಚನಗೌಡನ ಜೊತೆ ಸೇರಿ ಕೊಪ್ಪಳದ ಕೋಟೆ ಹಿಡಿದದ್ದು, ಕಂಪನಿ ಸೈನ್ಯ ಬಂದು ಕೋಟೆ ಕಿತ್ತುಕೊಂಡದ್ದು, ಇಬ್ಬರೂ ಅಲ್ಲೇ ಸತ್ತದ್ದು. ಅಷ್ಟೇ. ಆದರೆ ಇಂಗ್ಲಿಷಿನಲ್ಲಿ ಇವರನ್ನು 'ರೆಬೆಲ್ಸ್' ಅಂದುಬಿಟ್ಟಿದ್ದಾರೆ. ಆ ಒಂದು ಪದಕ್ಕೆ ಮೂರು ದಿನದಿಂದ ಒದ್ದಾಡುತ್ತಿದ್ದೇನೆ.

ಮೊದಲು 'ಬಂಡುಕೋರರು' ಅಂತ ಹಾಕಿದೆ. ಗೆಳೆಯರಿಗೆ ಸರಿಬರಲಿಲ್ಲ. "ಚುನಾವಣೆ ಟಿಕೆಟ್ ಸಿಗದೆ ಸಿಟ್ಟಿಗೆದ್ದವರ ಹಂಗ ಕಾಣ್ತದರೀ" ಅಂದರು. 'ಕ್ರಾಂತಿವೀರರು' ಅಂತ ತಿದ್ದಿದೆ. ನನ್ನ ಮಗ ಓದಿ, "ಅಪ್ಪಾ, ಸರ್ಕಾರಿ ಖಜಾನೆ ಲೂಟಿ ಮಾಡಿ ಕೋಟೆಯೊಳಗೆ ಕೂತವರನ್ನ ಇವತ್ತಿನ ಪೇಪರಿನವರು ಏನಂತ ಬರೀತಾರೆ?" ಅಂದ. ಸುಮ್ನೆ ಕಾಲೆಳೆಯೋಕೆ ಕೇಳಿದ್ದು. ನನಗೆ ಮಾತ್ರ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಪದಗಳ ಹುಟ್ಟು ನೋಡೋಣ ಅಂತ ಕೂತೆ. ಬಂಡು, ಬಂಡುಕೋರ ಮರಾಠಿಯಿಂದ ಬಂದವು, ಅಲ್ಲಿ ಬಂಡ್, ಬಂಡಖೋರ್. ಇದರಲ್ಲಿ ತಕರಾರಿಲ್ಲ. 'ಬಂಡಾಯ' ಹೇಗಾಯಿತೋ ಬಲ್ಲವರು ಹೇಳಬೇಕು. ಆದರೆ ಅದರ ಮರ್ಯಾದೆ ಏರಿದ ರೀತಿ ಕಣ್ಣೆದುರಿಗೇ ಇದೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಮರುವರ್ಷ ಜುಲೈನಲ್ಲಿ ನರಗುಂದದ ರೈತರು ಎದ್ದರು. ಈಗ 'ನರಗುಂದ ಬಂಡಾಯ' ಅಂದರೆ 1858ರದೋ 1980ರದೋ ಅಂತ ಕೇಳಿಕೊಳ್ಳಬೇಕು. ಎರಡೂ ಕಡೆ ಪದ ಹೆಮ್ಮೆಯದೇ.

ಅದೇ ನರಗುಂದದ 1858 ನನ್ನನ್ನು ಇನ್ನೂ ಗೊಂದಲಕ್ಕೆ ದೂಡಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನನ್ನು ನರಗುಂದದ ದೊರೆ ಭಾಸ್ಕರರಾವ್ ಭಾವೆಯ ಕಡೆಯವರು ಕೊಂದರು. ಅವನ ತಲೆ ತಂದು ಊರ ಅಗಸಿಗೆ ತೂಗುಹಾಕಿದರು. ಜೂನ್ 12ರಂದು ಕಂಪನಿಯವರು ಬೆಳಗಾವಿಯಲ್ಲಿ ಭಾಸ್ಕರರಾವನನ್ನು ಗಲ್ಲಿಗೆ ಹಾಕಿದರು. 'ಭಯೋತ್ಪಾದನೆ' ಅನ್ನೋ ಪದವನ್ನು ಬಿಡಿಸಿ ನೋಡಿ: ಭಯ ಹುಟ್ಟಿಸೋದು. ಅಗಸಿಗೆ ತೂಗಿದ ತಲೆಯೂ ಅದನ್ನೇ ಮಾಡಿತು, ಗಲ್ಲಿನ ಹಗ್ಗವೂ ಅದನ್ನೇ ಮಾಡಿತು. ಆದರೆ ನಮ್ಮ ಪದ ಹಗ್ಗದ ಕಡೆ ತಿರುಗೋದೇ ಇಲ್ಲ. ತಿರುಗಿಸಬೇಕಾದರೆ ಹಿಂದೆ 'ಪ್ರಭುತ್ವ' ಅಂತ ಸೇರಿಸಿ ಹೇಳಬೇಕು. ದೊರೆ ಹುಟ್ಟಿಸುವ ಭಯಕ್ಕೆ ನಮ್ಮ ಕಡೆ ಬೇರೆ ಪದ ಇದೆ, ಜರ್ಬು. "ಅವ್ರ ಜರ್ಬು ಏನ್ ಕೇಳ್ತೀರಿ" ಅಂತಾರೆ, ಸ್ವಲ್ಪ ಮೆಚ್ಚುಗೆಯಿಂದಲೇ.

ಕ್ರಿಯಾಪದಗಳನ್ನೂ ಗಮನಿಸಿ. ದಂಗೆ ಏಳುತ್ತಾರೆ, ಬಂಡು ಏಳುತ್ತಾರೆ. ಏಳಬೇಕಾದರೆ ಮೊದಲು ಕೆಳಗಿರಬೇಕು, ಅಲ್ವಾ? ಭಯೋತ್ಪಾದನೆ ಏಳೋದನ್ನ ಯಾರಾದರೂ ಕೇಳಿದ್ದೀರಾ? ಅದನ್ನು 'ಎಸಗುತ್ತಾರೆ', ಪಾಪ ಎಸಗಿದ ಹಾಗೆ.

ಇಷ್ಟಕ್ಕೇ ನಿಲ್ಲಿಸಿ ಪತ್ರ ಕಳಿಸಬೇಕು ಅಂದುಕೊಂಡಿದ್ದೆ. ಆಗ ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ನೆನಪಾದಳು. ಅವಳಿಗೆ ಬಂಡಾಯ, ಕ್ರಾಂತಿ ಯಾವುದೂ ಗೊತ್ತಿರಲಿಲ್ಲ. ಒಂದೇ ಪದ ಗೊತ್ತಿತ್ತು, ಹಾವಳಿ. ನಮ್ಮ ಕಡೆ ಆಗ ನಿಜಾಮರ ಆಳ್ವಿಕೆ; ಅವರ ಪರ ನಿಂತ ಸಶಸ್ತ್ರ ಪಡೆಯಾದ ರಜಾಕಾರರ ಕಾಲದ್ದನ್ನೆಲ್ಲ ಆ ಒಂದು ಪದದಲ್ಲೇ ಹೇಳುತ್ತಿದ್ದಳು. "ಹಾವಳಿಯೊಳಗ ನಿಮ್ಮ ಮುತ್ಯಾ ಹಿತ್ತಾಳಿ ಹಂಡೆ, ತಾಮ್ರದ ಕೊಡ ಎಲ್ಲಾ ಹಗೇವಿನ್ಯಾಗ ಇಳಿಸಿ ಮ್ಯಾಲೆ ಜ್ವಾಳ ಸುರುವಿದ್ದ. ಪೊಲೀಸ್ ಆಕ್ಷನ್ ಆತು, ಹಾವಳಿ ಮುಗೀತು." ಪೊಲೀಸ್ ಆಕ್ಷನ್ ಅಂದರೆ 1948ರಲ್ಲಿ ಭಾರತದ ಸೈನ್ಯ ಬಂದು ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ವಶಪಡಿಸಿಕೊಂಡದ್ದು. ಆ ಕೊಡದ ಕಂಠಕ್ಕೆ ಇವತ್ತಿಗೂ ಒಂದು ನಗ್ಗು ಇದೆ. ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿಗೆ, ಇಳಿಸುವಾಗ ಕಲ್ಲಿಗೆ ಬಡಿದದ್ದಂತೆ.

ಗೋಡೆ ಆಚೆ ಮನೆಯಲ್ಲಿ ಒಬ್ಬರು ಚಾಚಿ ಇದ್ದರು, ಬೀದರ್ ಕಡೆಯಿಂದ ಸೊಸೆಯಾಗಿ ಬಂದವರು. ಆಯಿ ಜೊತೆ ಕೂತು ಸಂಡಿಗೆ ಹಾಕುತ್ತಿದ್ದರು. ಅವರೂ ಹಾವಳಿ ಅಂತಲೇ ಹೇಳುತ್ತಿದ್ದರು. "ಪೊಲೀಸ್ ಆಕ್ಷನ್ ಆದಮ್ಯಾಲೆ ಹಾವಳಿ ಶುರುವಾತು." ಹುಡುಗನಾಗಿದ್ದಾಗ ಚಾಚಿಗೆ ಕನ್ನಡ ಸರಿಯಾಗಿ ಬರಲ್ಲ, ಹಿಂದುಮುಂದು ಮಾಡಿ ಹೇಳುತ್ತಾರೆ ಅಂದುಕೊಂಡಿದ್ದೆ. ಬೀದರ್, ಕಲಬುರಗಿ ಕಡೆ 1948ರ ಸೆಪ್ಟೆಂಬರ್ ನಂತರ ಮುಸ್ಲಿಮರಿಗೆ ಏನಾಯಿತು ಅಂತ ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ವರದಿ ಕೊಟ್ಟಿದ್ದು, ಅದು ದಶಕಗಟ್ಟಲೆ ಹೊರಗೆ ಬಾರದೇ ಇದ್ದದ್ದು ನನಗೆ ತಿಳಿದದ್ದು ತೀರಾ ತಡವಾಗಿ. ಆಗ ಚಾಚಿಯ ವಾಕ್ಯ ಅರ್ಥವಾಯಿತು. ಕನ್ನಡ ಸರಿಯಾಗೇ ಇತ್ತು.

ಇನ್ನು ಆ ಕಾಲದ ಉಳಿದ ಹೆಸರುಗಳು. 'ರಜಾಕಾರ' ಅಂದರೆ ಉರ್ದುವಿನಲ್ಲಿ ಸ್ವಯಂಸೇವಕ. ತನ್ನ ಇಷ್ಟದಿಂದ ಕೆಲಸಕ್ಕೆ ಬಂದವನು. ನಮ್ಮಲ್ಲಿ ಈಗ ಅದು ಬೈಗುಳ. 'ಪೊಲೀಸ್ ಆಕ್ಷನ್' ಅನ್ನೋದರಲ್ಲಿ ಪೊಲೀಸರೆಲ್ಲಿ? ಸೆಪ್ಟೆಂಬರ್ 13ರಿಂದ 17ರವರೆಗೆ ಬಂದದ್ದು ಸೈನ್ಯ, ಟ್ಯಾಂಕು. ಗಡಿಯಾಚೆಯ ಮುಂಡರಗಿ ಶಿಬಿರದಿಂದ ಅಳವಂಡಿ ಶಿವಮೂರ್ತಿಸ್ವಾಮಿಗಳ ಜೊತೆ ನಿಜಾಮರ ವಿರುದ್ಧ ಹೋರಾಡಿದವರನ್ನು ನಾವು ಸ್ವಾತಂತ್ರ್ಯ ಹೋರಾಟಗಾರರು ಅಂತೇವೆ, ಅನ್ನಲೇಬೇಕು. ಆದರೆ ಗಡಿ ಶಿಬಿರಗಳವರು ನಿಜಾಮರ ಕರೋಡಗಿರಿ ನಾಕಾ, ಅಂದರೆ ಸುಂಕದ ಕಟ್ಟೆ, ಸುಟ್ಟಾಗ ಒಳಗೆ ಸುಂಕದ ಲೆಕ್ಕ ಬರೆಯುತ್ತಿದ್ದ ಗುಮಾಸ್ತನೂ ನಮ್ಮವನೇ ಇದ್ದಿರಬಹುದು. ಅವನು ಮನೆಗೆ ಓಡಿ ಹೋಗಿ ಹೆಂಡತಿಗೆ ಯಾವ ಪದದಲ್ಲಿ ಹೇಳಿದನೋ. ಹಾವಳಿ ಅಂತಲೇ ಹೇಳಿರಬೇಕು.

ಬಳ್ಳಾರಿಯ ಗೆಳೆಯರನ್ನು ಫೋನಿನಲ್ಲಿ ಕೇಳಿದೆ. ಅವರದು ಆಗ ಮದ್ರಾಸ್ ಪ್ರಾಂತ್ಯ, ನಿಜಾಮರದಲ್ಲ. ಅವರ ಮನೆಯಲ್ಲಿ ಹಾವಳಿ ಅಂದರೆ ಕೋತಿ, ಸೊಳ್ಳೆ, ಹೊಲಕ್ಕೆ ಬರೋ ಹಂದಿ. ನಮ್ಮಲ್ಲೂ ಗಂಗಾವತಿ ಕಡೆ ಚಿರತೆ ಹಾವಳಿ, ಕರಡಿ ಹಾವಳಿ ಅಂತ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ನನಗೆ ಈ ಪದ ಹಿಡಿಸಿದ್ದೇ ಅದಕ್ಕೆ. ಮಾಡಿದವನ ಉದ್ದೇಶ ಏನು, ಅವನು ದೊಡ್ಡವನೋ ಸಣ್ಣವನೋ ಅಂತ ಅದು ಕೇಳೋದಿಲ್ಲ. ಅನುಭವಿಸಿದವರ ಕಡೆ ನಿಂತು ಹೇಳುತ್ತದೆ. ತೊಂದರೆ ಏನಂದರೆ, ಭೀಮರಾಯನಿಗೆ ಇದನ್ನು ಹಚ್ಚಿದರೆ ಅವನು ಯಾಕೆ ಎದ್ದ ಅನ್ನೋದು ಅಳಿಸಿಹೋಗುತ್ತದೆ. ಮನುಷ್ಯನನ್ನು ಚಿರತೆ ಮಾಡಿದ ಹಾಗೆ. ಕಂಪನಿ ಸೈನ್ಯಕ್ಕೆ ಹಚ್ಚಿದರೆ ನನಗೇನೂ ಅಭ್ಯಂತರವಿಲ್ಲ, ಬೋರ್ಡು ಬರೆಸುವವರು ಒಪ್ಪಬೇಕಲ್ಲ.

ಸದ್ಯಕ್ಕೆ ಪದವನ್ನೇ ಬಿಟ್ಟು ಬರೆದಿದ್ದೇನೆ: "ಭೀಮರಾಯ, ಕೆಂಚನಗೌಡ ಮತ್ತು ಅವರ ಜನ ಕಂಪನಿ ಸರ್ಕಾರದ ವಿರುದ್ಧ ಎದ್ದು ಈ ಕೋಟೆ ಹಿಡಿದರು." ಹೆಸರಿಡದೆ 'ಎದ್ದು' ಅಂದರೆ ಸಾಕು ಅನಿಸುತ್ತದೆ. ಜಾರಿಕೊಂಡೆ ಅಂತೀರಾ?

ಕೇಳಬೇಕಿರೋದು ಎರಡು. ಶಾಸನಗಳಲ್ಲೋ ಹಳೆಯ ಕಾವ್ಯದಲ್ಲೋ ಅರಸನ ಮೇಲೆ ತಿರುಗಿಬಿದ್ದವನಿಗೆ, ಹೊಗಳದೆ ಬೈಯದೆ ಹೇಳುವ ಪದ ಯಾರಿಗಾದರೂ ಸಿಕ್ಕಿದೆಯೇ? ಇನ್ನೊಂದು, ರಾಯಚೂರು, ಲಿಂಗಸೂಗೂರು ಕಡೆಯವರು 1948ಕ್ಕೆ ಮನೆಯಲ್ಲಿ ಏನಂತಿದ್ದರು? ಹಿರಿಯರು ಹೇಳಿದ ವಾಕ್ಯ ಹೇಗಿತ್ತೋ ಹಾಗೇ ಬರೆದು ಕಳಿಸಿ, ತಿದ್ದಬೇಡಿ. ಬೋರ್ಡಿನ ಪೇಂಟರ್ ಸೋಮವಾರ ಬರುತ್ತಾನಂತೆ, ಮೊದಲನೆಯದಕ್ಕೆ ಅಷ್ಟರೊಳಗೆ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.